ತಾರಸಿಯ ಮೇಲೆ ನಾಲ್ಕು ಬ್ಯಾಂಡು, ಒಂದೇ ಕೇಬಲ್

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು 30×40 ಸೈಟಿನ ಎರಡಂತಸ್ತಿನ ಮನೆ. ಈಚೆಗೆ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಬಂತು, 50 ವಾಟ್ ಮೀರುವುದಿಲ್ಲ. 40, 20, 15, 10 ಮೀಟರ್ (ಅಲೆಯುದ್ದದಿಂದ ಹೆಸರಾದ ರೇಡಿಯೋ ಬ್ಯಾಂಡುಗಳು) ನಾಲ್ಕೂ ಒಂದೇ ಕೇಬಲ್ಲಿನಲ್ಲಿ ಬರಲೆಂದು ಫ್ಯಾನ್ ಡೈಪೋಲ್, ಅಂದರೆ ಒಂದೇ ನಡುಬಿಂದುವಿನಿಂದ ಬೇರೆ ಬೇರೆ ಉದ್ದದ ತಂತಿ ಜೋಡಿಗಳು ಹೊರಡುವ ಆಂಟೆನಾ, ಕಟ್ಟಿದೆ. 1.5 ಚದರ ಮಿಲಿಮೀಟರಿನ ಮನೆ ವೈರಿಂಗ್ ತಂತಿ. ತಂತಿಯ ಉದ್ದಕ್ಕೆ (ಮೀಟರಿನಲ್ಲಿ) 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸುವ ಸೂತ್ರ. 40, 20, 10ರ ಮೂರು ಜೋಡಿಗಳನ್ನು ಐದು ಸೆಂಟಿಮೀಟರ್ ಅಂತರದಲ್ಲಿ ಒಂದರ ಕೆಳಗೊಂದು ಬಿಟ್ಟಿದ್ದೇನೆ. 15 ಮೀಟರಿಗೆ 40ರ ತಂತಿಯೇ ಸಾಕೆಂದು ಓದಿದ್ದೆ. ಆಂಟೆನಾ ಅಳೆಯುವ ಪುಟ್ಟ ಉಪಕರಣ ನ್ಯಾನೋವಿಎನ್‌ಎ ಹೀಗೆ ತೋರಿಸುತ್ತಿದೆ: 40 ಮೀಟರಿನ ತಗ್ಗು (ಎಸ್‌ಡಬ್ಲ್ಯುಆರ್, ಅಂದರೆ ಆಂಟೆನಾದಿಂದ ಹಿಂದಿರುಗುವ ಶಕ್ತಿಯ ಸೂಚಕ, ಅತಿ ಕಡಿಮೆಯಾಗುವ ಜಾಗ) 6.85 ಮೆಗಾಹರ್ಟ್ಸ್‌ನಲ್ಲಿ, 20ರದ್ದು 14.5ರಲ್ಲಿ, 10ರದ್ದು 29.6ರ ಹತ್ತಿರ. 15 ಮಾತ್ರ ತಾನಾಗಿಯೇ 21.2ರಲ್ಲಿ ಕೂತಿದೆ. ಕೇಬಲ್ ಹಿಡಿದರೆ ಅಂಕಿಗಳೆಲ್ಲ ಅಲುಗಾಡುತ್ತವೆ. ತಪ್ಪು ಸೂತ್ರದ್ದೋ ನನ್ನದೋ? ಮಂಡ್ಯದ ಕಡೆ ಊರಿನಲ್ಲಿ ತೆಂಗಿನ ತೋಟವಿದೆ, ಅಲ್ಲಿಗೂ ಒಂದು ದಾರಿ ಹೇಳಿ.

ಉತ್ತರ: ಮೊದಲು ಕತ್ತರಿ ಕೆಳಗಿಡಿ. ಸೂತ್ರವೂ ತಪ್ಪಲ್ಲ, ನಿಮ್ಮ ಅಳತೆಯೂ ತಪ್ಪಲ್ಲ. ಒಂದು ಬ್ಯಾಂಡು ಕೆಳಕ್ಕೆ, ಎರಡು ಮೇಲಕ್ಕೆ ಹೋಗಿವೆ ಎಂದರೆ ಇಲ್ಲಿ ಬೇರೆ ಬೇರೆ ಕಾರಣಗಳು ಕೆಲಸ ಮಾಡುತ್ತಿವೆ. ಎಲ್ಲಕ್ಕೂ ಒಂದೇ ಮದ್ದೆಂದು ತಂತಿ ಕತ್ತರಿಸುತ್ತ ಹೋದರೆ ತಂತಿ ಮುಗಿಯುತ್ತದೆ, ಆಂಟೆನಾ ಮುಗಿಯುವುದಿಲ್ಲ. ಅಂದಹಾಗೆ, ನಾಲ್ಕರಲ್ಲಿ ನನಗೆ ಅನುಮಾನ ಇರುವುದು ಸರಿಯಾಗಿ ಕೂತಿರುವ ಆ 15 ಮೀಟರಿನ ಮೇಲೆಯೇ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಶುರು ಮಾಡಬೇಕಾದ್ದು ಕೇಬಲ್ಲಿನಿಂದ. ಕೈ ತಾಗಿದರೆ ಅಂಕಿ ಬದಲಾಗುತ್ತದೆ ಎಂದರೆ ಕೇಬಲ್ಲಿನ ಹೊರಮೈಯೂ ಆಂಟೆನಾದ ಮೂರನೆಯ ತೋಳಾಗಿ ಕೆಲಸ ಮಾಡುತ್ತಿದೆ ಎಂದರ್ಥ. ಡೈಪೋಲಿನ ಎರಡು ತೋಳಲ್ಲಿ ಒಂದು ಕೇಬಲ್ಲಿನ ಒಳತಂತಿಗೆ, ಇನ್ನೊಂದು ಅದರ ಸುತ್ತಲಿನ ಲೋಹದ ಹೆಣಿಗೆಗೆ ಸೇರಿರುತ್ತದೆ. ಹೆಣಿಗೆಯ ಒಳಮೈಯಲ್ಲಿ ಬಂದ ಕರೆಂಟು ಮೇಲೆ ತಲುಪಿದ ಮೇಲೆ ಆಂಟೆನಾ ತೋಳಿಗೂ ಹರಿಯಬಹುದು, ಹೆಣಿಗೆಯ ಹೊರಮೈ ಹಿಡಿದು ಕೆಳಗೂ ಇಳಿಯಬಹುದು. ಆ ಎರಡನೆಯ ದಾರಿಯನ್ನು ಮುಚ್ಚದೆ ಮಾಡಿದ ಯಾವ ಅಳತೆಯನ್ನೂ ನಂಬಬೇಡಿ. ಇವತ್ತು ಕೇಬಲ್ ಗೋಡೆಗೆ ಒರಗಿದ್ದರೆ ಒಂದು ಅಂಕಿ, ನಾಳೆ ಕಿಟಕಿಯ ಕಂಬಿಗೆ ಕಟ್ಟಿದರೆ ಇನ್ನೊಂದು. ಟ್ರಾನ್ಸ್‌ಮಿಟ್ ಮಾಡುವಾಗ ಮೈಕು ತುಟಿಗೆ ಚುರುಕ್ ಅನ್ನಿಸುವುದು, ಮನೆಯ ಯುಪಿಎಸ್ ಕೀರಲು ಶುರು ಮಾಡುವುದು, ಟೇಬಲ್ ಮೇಲಿನ ಲ್ಯಾಪ್‌ಟಾಪಿನ ಮೌಸ್ ಸತ್ತುಹೋಗುವುದು ಎಲ್ಲಕ್ಕೂ ಮೂಲ ಬಹುತೇಕ ಇದೇ.

ಪರಿಹಾರ ಒಂದು ಚೋಕು, ಅಂದರೆ ಹೊರಮೈಯ ಕರೆಂಟಿಗೆ ತಡೆಯೊಡ್ಡುವ ಕೇಬಲ್ ಸುರುಳಿ. ಎಫ್‌ಟಿ240 ಅಳತೆಯ, 31 ಅಥವಾ 43ನೇ ಮಿಶ್ರಣದ ಫೆರೈಟ್ ಉಂಗುರದ ಮೇಲೆ ಆರ್‌ಜಿ-58 ಕೇಬಲ್ಲನ್ನು 10ರಿಂದ 12 ಸುತ್ತು ಸುತ್ತಿ, ಆಂಟೆನಾದ ನಡುಬಿಂದುವಿಗೆ ಒತ್ತಿದಂತೆ ಕಟ್ಟಿ. ಉಂಗುರ ಸಿಗುವ ತನಕ ನಾಲ್ಕಿಂಚಿನ ಪಿವಿಸಿ ಡ್ರೈನೇಜ್ ಪೈಪಿನ ತುಂಡಿನ ಮೇಲೆ ಆರ್‌ಜಿ-58ನ್ನು ಒಂದೇ ಪದರದಲ್ಲಿ, ಒಂದರ ಪಕ್ಕ ಒಂದರಂತೆ 12 ಸುತ್ತು ಸುತ್ತಿಕೊಳ್ಳಿ. ಸುಮಾರು ನಾಲ್ಕೂವರೆ ಮೀಟರ್ ಕೇಬಲ್ ಹಿಡಿಯುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ 700 ಓಮ್ ಆಸುಪಾಸಿನ ತಡೆ ಸಿಗುತ್ತದೆ. ಕೆಲಸ ನಡೆಯುತ್ತದೆ, ಆದರೆ 10 ಮೀಟರ್ ತಲುಪುವಾಗ ಅದರ ಶಕ್ತಿ ಕುಂದುತ್ತದೆ. ಫೆರೈಟಿನದು ಅಗಲವಾದ ತಡೆ, ಕೊನೆಗೆ ಅದಕ್ಕೇ ಬನ್ನಿ. ಹಳೆಯ ಟಿವಿ, ಮಾನಿಟರುಗಳಿಂದ ಕಿತ್ತ ಹೆಸರಿಲ್ಲದ ಉಂಗುರಗಳು ಬೇಡ. ಹಳದಿ-ಬಿಳಿ ಬಣ್ಣದವು ಕಬ್ಬಿಣದ ಪುಡಿಯವು, ಈ ಕೆಲಸಕ್ಕೆ ಬರುವುದಿಲ್ಲ. ಚೋಕು ಹಾಕಿದ ಮೇಲೆ ಕೇಬಲ್ ಹಿಡಿದು ನೋಡಿ. ತಗ್ಗು ಕದಲದಿದ್ದರೆ ಮಾತ್ರ ಮುಂದಿನ ಮೆಟ್ಟಿಲು.

ಅಳತೆಯಲ್ಲೂ ಒಂದು ಮೋಸವಿದೆ. ನ್ಯಾನೋವಿಎನ್‌ಎ ಸಾಮಾನ್ಯವಾಗಿ 101 ಬಿಂದುಗಳನ್ನಷ್ಟೇ ನೋಡುತ್ತದೆ. 6ರಿಂದ 30 ಮೆಗಾಹರ್ಟ್ಸ್ ಒಂದೇ ಬಾರಿಗೆ ಗುಡಿಸಿದರೆ ಬಿಂದುವಿನಿಂದ ಬಿಂದುವಿಗೆ 240 ಕಿಲೋಹರ್ಟ್ಸ್ ಜಿಗಿತ. ನಮ್ಮ 40 ಮೀಟರಿನ ಇಡೀ ಬ್ಯಾಂಡೇ 7.000ದಿಂದ 7.200 ತನಕ, ಅಂದರೆ 200 ಕಿಲೋಹರ್ಟ್ಸ್! ತಗ್ಗು ಎರಡು ಬಿಂದುಗಳ ನಡುವೆ ಬಿದ್ದರೆ ಕಾಣುವುದೇ ಇಲ್ಲ. 6.5–7.5, 13.5–15, 20.5–22.5, 27.5–30 ಹೀಗೆ ಬಿಡಿಬಿಡಿಯಾಗಿ ನೋಡಿ. ಓಪನ್, ಶಾರ್ಟ್, ಲೋಡ್ ಮೂರು ಕ್ಯಾಲಿಬ್ರೇಶನ್ನುಗಳನ್ನು ಉಪಕರಣದ ಮೂತಿಯಲ್ಲಿ ಮಾಡದೆ, ಕೇಬಲ್ಲಿನ ಆಂಟೆನಾ ಕಡೆಯ ತುದಿಯಲ್ಲಿ ಮಾಡಿದರೆ ಕೇಬಲ್ಲಿನ ಉದ್ದ ಲೆಕ್ಕದಿಂದ ಹೊರಗೆ ಹೋಗುತ್ತದೆ, ರಿಯಾಕ್ಟೆನ್ಸ್ ಸೊನ್ನೆಯಾಗುವ ಜಾಗ, ಅಂದರೆ ತಂತಿಯ ರೆಸೊನೆನ್ಸ್ (ಅದು ತಾನಾಗಿ ಸ್ಪಂದಿಸುವ ಆವರ್ತನ), ನಿಜವಾಗಿ ಕಾಣುತ್ತದೆ. ಎಸ್‌ಡಬ್ಲ್ಯುಆರ್ ಎಲ್ಲಿ ಕಡಿಮೆ ಎಂಬುದಕ್ಕಿಂತ ಆ ಸೊನ್ನೆಯೇ ಹೆಚ್ಚು ನಂಬಿಕಸ್ಥ. ಉಪಕರಣ ಜೋಡಿಸುವ ಮುನ್ನ ಕೇಬಲ್ಲಿನ ಒಳತಂತಿಯನ್ನೂ ಹೆಣಿಗೆಯನ್ನೂ ಒಮ್ಮೆ ಮುಟ್ಟಿಸಿ. ಒಣಗಾಳಿಗೆ ತಂತಿಯಲ್ಲಿ ಸೇರಿಕೊಂಡ ಸ್ಥಿರ ವಿದ್ಯುತ್ತು ಉಪಕರಣದ ಒಳಗನ್ನು ಸುಡಬಲ್ಲದು.

ಈಗ 40 ಮೀಟರ್ ಏಕೆ ಕೆಳಗಿಳಿಯಿತು? ಸೂತ್ರದ 143 ಬರಿಯ ತಾಮ್ರದ ತಂತಿಯ ಲೆಕ್ಕ. ಪಿವಿಸಿ ಹೊದಿಕೆಯ ತಂತಿಯಲ್ಲಿ ಅಲೆ ಸ್ವಲ್ಪ ನಿಧಾನ. ಹೊದಿಕೆಯ ದಪ್ಪ ನೋಡಿ ಎರಡರಿಂದ ಐದು ಪ್ರತಿಶತ ತಂತಿ ಗಿಡ್ಡವಾಗಬೇಕು. ಅದರ ಮೇಲೆ ನಿಮ್ಮ ತಂತಿಯ ತುದಿಗಳು ಪ್ಯಾರಪೆಟ್ಟಿನ ಹತ್ತಿರಕ್ಕೆ ಇಳಿದಿರಲೇಬೇಕು, ಅಷ್ಟು ಜಾಗದಲ್ಲಿ 20 ಮೀಟರ್ ಉದ್ದದ ತಂತಿಗೆ ಬೇರೆ ದಾರಿಯಿಲ್ಲ. ತುದಿಗಳಲ್ಲಿ ವೋಲ್ಟೇಜು ಅತಿ ಹೆಚ್ಚು. ಅಲ್ಲಿಗೆ ಕಾಂಕ್ರೀಟಿನೊಳಗಿನ ಕಬ್ಬಿಣ, ಸೋಲಾರ್ ವಾಟರ್ ಹೀಟರಿನ ಚೌಕಟ್ಟು, ಬಟ್ಟೆ ಒಣಹಾಕುವ ಜಿಐ ತಂತಿ ಹತ್ತಿರ ಬಂದರೆ ಅದೊಂದು ಕೆಪಾಸಿಟರಿನಂತಾಗಿ ತಗ್ಗನ್ನು ಇನ್ನಷ್ಟು ಕೆಳಕ್ಕೆ ಎಳೆಯುತ್ತದೆ. ಬಟ್ಟೆಯ ತಂತಿಯನ್ನು ಪ್ಲಾಸ್ಟಿಕ್ ಹಗ್ಗಕ್ಕೆ ಬದಲಿಸುವುದು ಅತಿ ಅಗ್ಗದ ಟ್ಯೂನಿಂಗ್. ಮನೆಯವರ ಒಪ್ಪಿಗೆ ಪಡೆಯುವುದಷ್ಟೇ ಕಷ್ಟ.

20 ಮತ್ತು 10 ಮೇಲೆ ಹೋದದ್ದಕ್ಕೆ ಕಾರಣ ಅಂತರ. ಐದು ಸೆಂಟಿಮೀಟರ್ ತೀರಾ ಹತ್ತಿರ. ಹಾಗೆ ಕಟ್ಟಿದಾಗ ಉದ್ದದ ತಂತಿ ಗಿಡ್ಡ ತಂತಿಯ ಮೇಲೆ ಸವಾರಿ ಮಾಡುತ್ತದೆ. ಗಿಡ್ಡ ಜೋಡಿಯ ರೆಸೊನೆನ್ಸ್ ಮೇಲಕ್ಕೆ ಸರಿಯುತ್ತದೆ, ಅದು ಸೂತ್ರಕ್ಕಿಂತ ಉದ್ದ ಬೇಕೆನ್ನುತ್ತದೆ, ಜೊತೆಗೆ ಅದರ ಬ್ಯಾಂಡಿನ ಅಗಲವೂ ಕಿರಿದಾಗುತ್ತದೆ. ಇಲ್ಲಿ ಬಹಳ ಮಂದಿ ಮಾಡುವ ಕೆಲಸ ತಂತಿಗೆ ತುಂಡು ಸೇರಿಸುವುದು. ಬೇಡ. ಗಾಳಿಗೆ ಆ ಐದು ಸೆಂಟಿಮೀಟರ್ ಮೂರಾಗಿ ಏಳಾಗಿ ಓಲಾಡಿದಂತೆ ರೆಸೊನೆನ್ಸೂ ಓಲಾಡುತ್ತದೆ, ಆಷಾಢದ ಗಾಳಿಗೆ ಮೂರೂ ಜೋಡಿ ಒಂದಕ್ಕೊಂದು ಹೆಣೆದುಕೊಂಡರೆ ಮತ್ತೆ ಇಳಿಸಲೇಬೇಕು. ತಂತಿಗಳನ್ನು ದೂರ ಮಾಡಿ, ಆಗ ನಿಮ್ಮ ಈಗಿನ ಉದ್ದವೇ ಹೆಚ್ಚಾಗಿ, ಕತ್ತರಿಸುವ ಸ್ಥಿತಿಗೆ ಬರುತ್ತೀರಿ.

ದೂರ ಮಾಡಲು ಎಲ್ಲಕ್ಕಿಂತ ಒಳ್ಳೆಯ ವಿಧಾನ ದಿಕ್ಕು ಬದಲಿಸುವುದು. 30×40 ಅಡಿ ಸೈಟಿನ ಕರ್ಣ ಸರಿಯಾಗಿ 50 ಅಡಿ. ಸುತ್ತ ಬಿಟ್ಟ ಜಾಗ ಕಳೆದರೆ ತಾರಸಿಯ ನಡುವಿನಿಂದ ಮೂಲೆಗೆ ಆರು ಮೀಟರಿಗಿಂತ ತುಸು ಹೆಚ್ಚು ಸಿಗಬಹುದು. ತಾರಸಿಯ ನಡುವೆ ಆರು ಮೀಟರಿನ ಕಂಬ ನಿಲ್ಲಿಸಿ. ಒಂದು ಕರ್ಣದಲ್ಲಿ 40ರ ಜೋಡಿ, ಇನ್ನೊಂದು ಕರ್ಣದಲ್ಲಿ 20 ಮತ್ತು 10ರ ಜೋಡಿ, ತಲೆಕೆಳಗಾದ ವಿ ಆಕಾರದಲ್ಲಿ. ಕರ್ಣಗಳು ಪೂರ್ತಿ ತೊಂಬತ್ತು ಡಿಗ್ರಿಗೆ ಬರುವುದಿಲ್ಲ, ಆದರೂ 40 ಮತ್ತು 20 ಪರಸ್ಪರ ಕಾಡುವುದು ಬಹುಮಟ್ಟಿಗೆ ನಿಲ್ಲುತ್ತದೆ. ಮೂಲೆಗಳಲ್ಲಿ ಪ್ಯಾರಪೆಟ್ಟಿಗೆ ಬಿಗಿದ ಪಿವಿಸಿ ಪೈಪು, ತಾರಸಿಯ ನೆಲದಿಂದ ಎರಡೂವರೆ ಮೀಟರ್ ಎತ್ತರಕ್ಕೆ. ಮಕ್ಕಳಾಗಲಿ ಹಪ್ಪಳ ಒಣಗಿಸಲು ಬಂದವರಾಗಲಿ ಕೈ ಚಾಚಿದರೂ ತುದಿ ಎಟುಕಬಾರದು, 50 ವಾಟಿಗೂ ಅಲ್ಲಿ ಚರ್ಮ ಸುಡುವಷ್ಟು ವೋಲ್ಟೇಜಿರುತ್ತದೆ. 40ರ ಒಂದೊಂದು ತೋಳಿನಲ್ಲಿ ಸುಮಾರು ಏಳು ಮೀಟರ್ ಮೂಲೆಯ ತನಕ ಇಳಿಯುತ್ತದೆ, ಉಳಿದ ಎರಡೂವರೆ ಮೀಟರನ್ನು ಪ್ಯಾರಪೆಟ್ಟಿನ ಗುಂಟ ಮಡಚಿ ಕೊಂಡೊಯ್ಯಿರಿ. ಒಂದು ತೋಳು ಎಡಕ್ಕೆ ತಿರುಗಿದರೆ ಎದುರು ತೋಳೂ ಅದರ ಎಡಕ್ಕೇ ತಿರುಗಲಿ, ಮೇಲಿಂದ ನೋಡಿದರೆ ಎರಡು ತುದಿ ಎದುರುಬದುರು ದಿಕ್ಕಿಗೆ ಹೋಗಬೇಕು. ಹೆಚ್ಚಿನ ಕರೆಂಟು ನಡುವಿನ ಭಾಗದಲ್ಲೇ ಇರುವುದರಿಂದ ತುದಿ ಮಡಚಿದ್ದಕ್ಕೆ ಕಳೆದುಕೊಳ್ಳುವುದು ಅಲ್ಪ.

20 ಮತ್ತು 10 ಒಂದೇ ಕರ್ಣದಲ್ಲಿರುವಾಗ ನಡುಬಿಂದುವಿನಲ್ಲಿ 15 ಸೆಂಟಿಮೀಟರ್ ಅಂತರದಿಂದ ಹೊರಟು, 10ರ ತುದಿ 20ರ ತಂತಿಯಿಂದ ಅರ್ಧ ಮೀಟರಾದರೂ ಕೆಳಗಿರುವಂತೆ ಅದರ ಹಗ್ಗವನ್ನು ಹೆಚ್ಚು ಕಡಿದಾಗಿ ಎಳೆಯಿರಿ. 20 ಎಂಎಂ ಕಂಡ್ಯುಟ್ ಪೈಪಿನ ತುಂಡುಗಳಿಗೆ ತೂತು ಕೊರೆದರೆ ಒಳ್ಳೆಯ ಸ್ಪೇಸರುಗಳಾಗುತ್ತವೆ, ತುದಿಯ ಇನ್ಸುಲೇಟರುಗಳೂ ಆಗುತ್ತವೆ. ನಡುವಿನ ಹಲಗೆಗೆ ಅಡುಗೆಮನೆಯ ದಪ್ಪ ಪ್ಲಾಸ್ಟಿಕ್ ಕಟಿಂಗ್ ಬೋರ್ಡೇ ಸಾಕು. ತಂತಿಯ ಎಳೆತ ತೂತುಗಳ ಮೇಲೆ ಬೀಳಲಿ, ಬೆಸುಗೆಯ ಮೇಲೆ ಬೀಳದಿರಲಿ. ಅಂಗಡಿಯ ಹಳದಿ ಪ್ಲಾಸ್ಟಿಕ್ ಹಗ್ಗ ನಮ್ಮ ಬಿಸಿಲಿಗೆ ಬೇಗ ಪುಡಿಯಾಗುತ್ತದೆ, ಕಪ್ಪು ಪಾಲಿಯೆಸ್ಟರ್ ಹಗ್ಗ ಹುಡುಕಿ.

ಈ ವಿನ್ಯಾಸ ಏರಿಸಿದ ಮೇಲೆ ಹೊಸದಾಗಿ ಅಳೆಯಿರಿ, ಹಳೆಯ ಅಂಕಿಗಳನ್ನು ಮರೆತುಬಿಡಿ. ಕತ್ತರಿಸುವ ಲೆಕ್ಕ ಸರಳ: ಈಗಿನ ಉದ್ದವನ್ನು ಈಗಿನ ಆವರ್ತನದಿಂದ ಗುಣಿಸಿ, ಬೇಕಾದ ಆವರ್ತನದಿಂದ ಭಾಗಿಸಿ. ಉದಾಹರಣೆಗೆ 20.14 ಮೀಟರ್ ತಂತಿ 6.85ರಲ್ಲಿ ಕೂತಿದ್ದು 7.1 ಬೇಕಿದ್ದರೆ 19.43 ಮೀಟರ್ ಆಗಬೇಕು, ಅಂದರೆ ಒಂದೊಂದು ತೋಳಿನಿಂದ 35 ಸೆಂಟಿಮೀಟರ್. ಒಮ್ಮೆಗೇ ಅಷ್ಟು ಕತ್ತರಿಸಬೇಡಿ. ಮೊದಲು ಅರ್ಧದಷ್ಟನ್ನು ತುದಿಯಲ್ಲಿ ಹಿಂದಕ್ಕೆ ಮಡಚಿ ತಂತಿಯ ಮೇಲೇ ಬಿಗಿಯಾಗಿ ಸುತ್ತಿ. ಮಡಚಿದ ಭಾಗ ಕುಣಿಕೆಯಾಗಿ ಜೋತಾಡಿದರೆ ಅದು ಗಿಡ್ಡವಾದಂತಾಗುವುದಿಲ್ಲ, ತುದಿಗೆ ಭಾರ ಕಟ್ಟಿದಂತಾಗುತ್ತದೆ. ಎರಡು ತೋಳಿನಲ್ಲೂ ಒಂದೊಂದು ಸೆಂಟಿಮೀಟರ್ ತೆಗೆದರೆ 40ರಲ್ಲಿ ಸುಮಾರು 7 ಕಿಲೋಹರ್ಟ್ಸ್, 20ರಲ್ಲಿ 28, 10ರಲ್ಲಿ ನೂರಕ್ಕೂ ಹೆಚ್ಚು ಕಿಲೋಹರ್ಟ್ಸ್ ಮೇಲೇರುತ್ತದೆ. ಆದ್ದರಿಂದ 40ರಲ್ಲಿ ಧಾರಾಳವಾಗಿರಿ, 10ರಲ್ಲಿ ಅರ್ಧ ಸೆಂಟಿಮೀಟರಿಗೂ ಬೆಲೆ ಕೊಡಿ. ಅಳೆಯುವಾಗ ಆಂಟೆನಾ ತನ್ನ ಪೂರ್ತಿ ಎತ್ತರದಲ್ಲೇ ಇರಬೇಕು. ಎದೆಮಟ್ಟಕ್ಕೆ ಇಳಿಸಿ ಟ್ಯೂನ್ ಮಾಡಿದ್ದು ಮೇಲೇರಿದ ಮೇಲೆ ಉಳಿಯುವುದಿಲ್ಲ. ಹಾಗಾಗಿ ಕಂಬದ ತಲೆಗೊಂದು ಸಣ್ಣ ರಾಟೆ ಹಾಕದೆ ಈ ಕೆಲಸಕ್ಕೆ ಇಳಿಯಲೇಬೇಡಿ.

ಕ್ರಮ ಹೀಗಿರಲಿ: 40 ಮೊದಲು, ಆಮೇಲೆ 20, ಆಮೇಲೆ 10, ಮತ್ತೆ ಹಿಂದಿರುಗಿ 40. ಗುರಿ 7.1, 14.175, 28.4. 7.1ಕ್ಕೆ ಕೂತರೆ 40 ಮೀಟರಿನ ಇಡೀ ಬ್ಯಾಂಡು ಎರಡರ ಎಸ್‌ಡಬ್ಲ್ಯುಆರ್ ಆಸುಪಾಸಿನಲ್ಲಿ ಸಿಗುತ್ತದೆ. 10 ಮೀಟರ್ 28.0ರಿಂದ 29.7 ತನಕ ಹರಡಿರುವುದರಿಂದ ಪೂರ್ತಿ ಹಿಡಿಯಲು ಹೋಗಬೇಡಿ, ಎಫ್‌ಟಿ8 (ಕಂಪ್ಯೂಟರ್ ಮೂಲಕದ ಕಿರುಸಂದೇಶ) ಮತ್ತು ಎಸ್‌ಎಸ್‌ಬಿ (ಮಾತು) ಇರುವ ಕೆಳಭಾಗ ಸಿಕ್ಕರೆ ಸಾಕು. ಎಸ್‌ಡಬ್ಲ್ಯುಆರ್ 1.1 ಬೇಕೆಂದು ಹಟ ಹಿಡಿಯುವುದು ವ್ಯರ್ಥ. ಎಸ್‌ಡಬ್ಲ್ಯುಆರ್ 2 ಆದರೆ ಹಿಂದಿರುಗುವುದು ಶೇಕಡಾ 11ರಷ್ಟು ಶಕ್ತಿ, ಅದರಲ್ಲೂ ಬಹುಪಾಲು ಮತ್ತೆ ಆಂಟೆನಾಗೇ ಹೋಗುತ್ತದೆ. ಅದಕ್ಕಿಂತ 20 ಮೀಟರ್ ಉದ್ದದ ಆರ್‌ಜಿ-58 ಕೇಬಲ್ಲೇ 28 ಮೆಗಾಹರ್ಟ್ಸ್‌ನಲ್ಲಿ ಒಂದೂವರೆ ಡೆಸಿಬೆಲ್ ನುಂಗುತ್ತದೆ, ಅಂದರೆ ನಿಮ್ಮ 50 ವಾಟಿನಲ್ಲಿ ಮೇಲೆ ತಲುಪುವುದು 35ರಷ್ಟು. ಹಣ ಖರ್ಚು ಮಾಡುವುದಿದ್ದರೆ ನಷ್ಟ ಕಡಿಮೆಯಿರುವ ದಪ್ಪ ಕೇಬಲ್ಲು ಆರ್‌ಜಿ-213ಕ್ಕೆ ಮಾಡಿ.

ಈಗ ಆ 15 ಮೀಟರ್. ಅರ್ಧ ಅಲೆಯುದ್ದದ ಡೈಪೋಲು ಮೂರನೆಯ ಹಾರ್ಮೋನಿಕ್‌ನಲ್ಲೂ ರೆಸೊನೇಟ್ ಆಗುತ್ತದೆಂಬುದು ನಿಜ, ಆದರೆ ಸರಿಯಾಗಿ ಮೂರು ಪಟ್ಟಿನಲ್ಲಲ್ಲ. ತಂತಿಯ ತುದಿಯಿಂದಾಗುವ ಗಿಡ್ಡತನ ಇಡೀ ತಂತಿಗೆ ಎರಡು ಸಲವಷ್ಟೇ, ಮೂರು ಅರ್ಧ ಅಲೆಗಳಿಗೂ ತುದಿ ಎರಡೇ. ಹಾಗಾಗಿ ಅದು ಬೀಳುವುದು ಸುಮಾರು 3.1 ಪಟ್ಟಿನಲ್ಲಿ. ನಿಮ್ಮ 40 ಮೀಟರ್ 6.85ರಲ್ಲಿ ತಪ್ಪಾಗಿ ಕೂತಿದ್ದರಿಂದ ಅದರ 3.1 ಪಟ್ಟು 21.2 ಆಯಿತು. 40ನ್ನು 7.1ಕ್ಕೆ ತಂದ ಕ್ಷಣ ಈ ತಗ್ಗು 22 ಮೆಗಾಹರ್ಟ್ಸ್ ಹತ್ತಿರಕ್ಕೆ ಓಡಿಹೋಗುತ್ತದೆ, ಬ್ಯಾಂಡು ಮುಗಿಯುವುದು 21.45ಕ್ಕೆ. ಆಗ ಗಾಬರಿಯಾಗಿ 40ರ ತಂತಿಯನ್ನು ಮತ್ತೆ ಉದ್ದ ಮಾಡಬೇಡಿ.

15 ಮೀಟರನ್ನು ಮಾತ್ರ ಕೆಳಗೆ ಎಳೆಯುವ ಉಪಾಯವಿದೆ. 21 ಮೆಗಾಹರ್ಟ್ಸ್‌ನಲ್ಲಿ ಈ ತಂತಿಯ ಮೇಲೆ ವೋಲ್ಟೇಜು ಶಿಖರ ಮುಟ್ಟುವುದು ತುದಿಗಳಲ್ಲಿ ಮತ್ತು ನಡುಬಿಂದುವಿನಿಂದ ಕಾಲು ಅಲೆಯುದ್ದದಲ್ಲಿ, ಅಂದರೆ ಮೂರೂಕಾಲರಿಂದ ಮೂರೂವರೆ ಮೀಟರ್ ದೂರದಲ್ಲಿ. ಎರಡೂ ತೋಳಿನ ಆ ಜಾಗದಲ್ಲಿ ಹೊದಿಕೆ ಸುಲಿದು, 60 ಸೆಂಟಿಮೀಟರ್ ಉದ್ದದ ಗಟ್ಟಿ ತಾಮ್ರದ ತಂತಿಯ ಎರಡು ತುದಿಗಳನ್ನೂ ಅಲ್ಲೇ ಬೆಸೆದು ಒಂದು ಕುಣಿಕೆ ಮಾಡಿ. ಇದು ಆ ಜಾಗಕ್ಕೆ ಸೇರಿಸಿದ ಕೆಪಾಸಿಟನ್ಸ್. 15ರಲ್ಲಿ ವೋಲ್ಟೇಜು ಅಲ್ಲೇ ಹೆಚ್ಚಿರುವುದರಿಂದ ಅದರ ಪರಿಣಾಮ ಜೋರು, 40ರಲ್ಲಿ ಅಷ್ಟಿಲ್ಲ. ಕುಣಿಕೆಯನ್ನು ದುಂಡಗೆ ಅಗಲಿಸಿದರೆ ತಗ್ಗು ಇಳಿಯುತ್ತದೆ, ಚಪ್ಪಟೆಯಾಗಿ ಒತ್ತಿದರೆ ಏರುತ್ತದೆ. 21.2ಕ್ಕೆ ಬಂದ ಮೇಲೆ 40 ಕೂಡ ತುಸು ಇಳಿದಿರುತ್ತದೆ, ತುದಿಯಲ್ಲಿ ಕೆಲವು ಸೆಂಟಿಮೀಟರ್ ತೆಗೆದು ಮತ್ತೆ 7.1ಕ್ಕೆ ತನ್ನಿ. ಇದನ್ನೆಲ್ಲ ಮಾಡುವುದು 20 ಮತ್ತು 10 ಮುಗಿದ ಮೇಲೆಯೇ. ಬೇಡವೆನಿಸಿದರೆ ಕುಣಿಕೆ ಬಿಟ್ಟು ರೇಡಿಯೋದೊಳಗಿನ ಟ್ಯೂನರ್ ಬಳಸಿ. ಮೂರರ ಒಳಗಿನ ಎಸ್‌ಡಬ್ಲ್ಯುಆರ್ ಇದ್ದರೆ ಅದು ಸಂಭಾಳಿಸುತ್ತದೆ.

ಮಳೆಗಾಲಕ್ಕೆ ಮುನ್ನ ನಡುಬಿಂದುವನ್ನು ಮುಚ್ಚುವಾಗ ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದಿರುವುದನ್ನು ಕೊಳ್ಳಿ. ಕೇಬಲ್ಲಿನ ಹೆಣಿಗೆಯೊಳಗೆ ನೀರು ಇಳಿದರೆ ಪತ್ತೆ ಹಚ್ಚುವುದು ಕಷ್ಟ: ನಷ್ಟ ಹೆಚ್ಚಾದಂತೆಲ್ಲ ಹಿಂದಿರುಗುವ ಶಕ್ತಿಯೂ ದಾರಿಯಲ್ಲೇ ಕರಗಿ, ಕೆಳಗಿನ ಮೀಟರಿನಲ್ಲಿ ಎಸ್‌ಡಬ್ಲ್ಯುಆರ್ ಇನ್ನೂ ಚೆನ್ನಾಗಿ ಕಾಣುತ್ತದೆ. ಏನೂ ಮಾಡದೆ ನಾಲ್ಕೂ ಬ್ಯಾಂಡು ಒಮ್ಮೆಗೇ ಸುಧಾರಿಸಿದರೆ ಖುಷಿಪಡದೆ ಕೇಬಲ್ ಬಿಚ್ಚಿ ನೋಡಿ. ಅಶ್ವಿನಿ, ಭರಣಿ ಮಳೆಯ ಗುಡುಗು ಕೇಳಿಸಿದ ಕೂಡಲೇ ಕೇಬಲ್ ಕಳಚಿ ಮನೆಯ ಹೊರಗಿಡಿ. ಸಿಡಿಲಿಗೆ ಅರೆಸ್ಟರ್ ಇದೆಯೆಂದು ಧೈರ್ಯ ಬೇಡ.

ಇನ್ನು ಊರಿನ ತೋಟ. ಅಲ್ಲಿ ಫ್ಯಾನ್ ಡೈಪೋಲ್ ಬೇಕಿಲ್ಲ. ತುದಿಯಿಂದ ಶಕ್ತಿ ಕೊಡುವ ಅರ್ಧ ಅಲೆಯ ತಂತಿ ಸಾಕು. ಇಪ್ಪತ್ತು ಮೀಟರಿನ ಒಂದೇ ತಂತಿ 40, 20, 15, 10 ನಾಲ್ಕಕ್ಕೂ ಒದಗುತ್ತದೆ, ಏಕೆಂದರೆ ಈ ಎಲ್ಲ ಬ್ಯಾಂಡುಗಳಲ್ಲೂ ತುದಿ ಹೆಚ್ಚಿನ ಇಂಪೀಡೆನ್ಸಿನ (ವೋಲ್ಟೇಜು ಹೆಚ್ಚು, ಕರೆಂಟು ಕಡಿಮೆ ಇರುವ) ಜಾಗವೇ. ಅದನ್ನು 50 ಓಮಿಗೆ ಇಳಿಸಲು 49:1 ಟ್ರಾನ್ಸ್‌ಫಾರ್ಮರ್: ಎಫ್‌ಟಿ240-43 ಉಂಗುರ, ಒಂದು ಮಿಲಿಮೀಟರ್ ಎನಾಮಲ್ ತಂತಿ, ಪ್ರೈಮರಿ 2 ಸುತ್ತು, ಸೆಕೆಂಡರಿ 14 ಸುತ್ತು, ಪ್ರೈಮರಿಗೆ ಅಡ್ಡಲಾಗಿ 100 ಪಿಕೋಫ್ಯಾರಡ್‌ನ ಕನಿಷ್ಠ ಒಂದು ಕಿಲೋವೋಲ್ಟಿನ ಕೆಪಾಸಿಟರ್. ತಂತಿ ಜೋಡಿಸುವ ಮೊದಲು ಸೆಕೆಂಡರಿಗೆ 2.2 ಕಿಲೋಓಮ್ ಮತ್ತು 240 ಓಮ್ ರೆಸಿಸ್ಟರುಗಳನ್ನು ಸರಣಿಯಲ್ಲಿ ಕಟ್ಟಿ ನ್ಯಾನೋವಿಎನ್‌ಎಯಲ್ಲಿ ನೋಡಿ. ಕಾರ್ಬನ್ ಅಥವಾ ಮೆಟಲ್ ಫಿಲ್ಮ್ ಆಗಿರಲಿ, ತಂತಿ ಸುತ್ತಿದ್ದು ಬೇಡ. 7ರಿಂದ 21 ಮೆಗಾಹರ್ಟ್ಸ್ ತನಕ ಎಸ್‌ಡಬ್ಲ್ಯುಆರ್ ಒಂದೂವರೆಯೊಳಗೆ ಬಂದರೆ ಟ್ರಾನ್ಸ್‌ಫಾರ್ಮರ್ ಸರಿಯಿದೆ. ಆಮೇಲೆ ಏನೇ ತೊಂದರೆ ಕಂಡರೂ ಅದು ತಂತಿಯದು ಅಥವಾ ಕೇಬಲ್ಲಿನದು.

ಇದಕ್ಕೆ ಎದುರು ತೋಳಿಲ್ಲದ್ದರಿಂದ ಕೇಬಲ್ಲಿನ ಹೊರಮೈಯೇ ಆ ಕೆಲಸ ಮಾಡುತ್ತದೆ. ಅದನ್ನು ಪೂರ್ತಿ ತಡೆಯಬೇಡಿ, ಮಿತಿ ಹಾಕಿ: ಚೋಕನ್ನು ಟ್ರಾನ್ಸ್‌ಫಾರ್ಮರಿನಿಂದ ಎರಡು ಮೀಟರ್ ಕೆಳಗೆ ಕಟ್ಟಿ. 10 ಮೀಟರ್ ಬ್ಯಾಂಡು 29ರ ಆಚೆ ಬಿದ್ದರೆ ಟ್ರಾನ್ಸ್‌ಫಾರ್ಮರಿನಿಂದ ಎರಡು ಮೀಟರ್ ದೂರದಲ್ಲಿ ತಂತಿಯಲ್ಲೇ 35 ಎಂಎಂ ವ್ಯಾಸದ ಆರು ಸುತ್ತಿನ ಸುರುಳಿ ಸೇರಿಸಿ, ಅದು ಒಂದು ಮೈಕ್ರೋಹೆನ್ರಿಯಷ್ಟು. 28 ಮೆಗಾಹರ್ಟ್ಸ್‌ನಲ್ಲಿ ಆ ಜಾಗದಲ್ಲಿ ಕರೆಂಟು ಹೆಚ್ಚು, 7ರಲ್ಲಿ ಕಡಿಮೆ. ಆದ್ದರಿಂದ ಸುರುಳಿ ಮೇಲಿನ ಬ್ಯಾಂಡನ್ನೇ ಹೆಚ್ಚು ಎಳೆಯುತ್ತದೆ.

ತೆಂಗಿನ ಮರಕ್ಕೆ ತಂತಿಯನ್ನು ನೇರವಾಗಿ ಕಟ್ಟಬೇಡಿ. ಕಾಯಿ ಕೀಳುವವರ ಕೈಯಲ್ಲಿ ರಾಟೆಯೊಂದನ್ನು ಮೇಲೆ ಕಟ್ಟಿಸಿ, ಹಗ್ಗ ಎಳೆದು, ತಂತಿಯ ತುದಿ ಗರಿಗಳಿಂದ ಎರಡು ಮೂರು ಮೀಟರ್ ಈಚೆಗೇ ನಿಲ್ಲಲಿ. ಹಸಿಗರಿ ತುದಿಗೆ ತಾಗಿದರೆ ಮಳೆಗೊಂದು ಬಿಸಿಲಿಗೊಂದು ರೆಸೊನೆನ್ಸ್. ಹಗ್ಗದ ಕೆಳತುದಿಗೆ ನೀರು ತುಂಬಿದ ಎರಡು ಲೀಟರಿನ ಬಾಟಲಿ ಕಟ್ಟಿದರೆ ಮರ ತೂಗಿದಾಗ ತಂತಿ ಹರಿಯುವುದಿಲ್ಲ. ಒಣಗರಿ ಬಿದ್ದಾಗ ತುಂಡಾಗಲೆಂದೇ ಹಗ್ಗದ ನಡುವೆ ತೆಳುವಾದ ಒಂದು ದಾರದ ಕೊಂಡಿ ಇರಲಿ, ತಂತಿ ಉಳಿಯುತ್ತದೆ. ನಾಲೆಗೆ ನೀರು ಬಿಟ್ಟು ಗದ್ದೆ ತುಂಬಿದಾಗ, ತಂತಿ ಕೆಳಮಟ್ಟದಲ್ಲಿದ್ದರೆ, ತಗ್ಗು ಸ್ವಲ್ಪ ಕೆಳಗಿಳಿಯಬಹುದು, ಅದಕ್ಕೆಲ್ಲ ಕತ್ತರಿ ತೆಗೆಯಬೇಡಿ. ಪಂಪ್‌ಸೆಟ್ಟಿನ ಕರೆಂಟು ಕಂಬಗಳು ತೋಟದಲ್ಲಿ ಎಲ್ಲೆಲ್ಲಿವೆ ಎಂದು ಹಗಲಲ್ಲೇ ನೋಡಿಟ್ಟುಕೊಂಡು, ತಂತಿಯಾಗಲಿ ಹಗ್ಗವಾಗಲಿ ಹರಿದು ಬಿದ್ದರೂ ಅವನ್ನು ಮುಟ್ಟದಷ್ಟು ದೂರದ ಮರವನ್ನೇ ಆರಿಸಿ. ಆ ಲೈನಿನ ಮೇಲಿಂದ ಎಸೆದು ದಾಟಿಸುವುದಂತೂ ಕೂಡದು, ಕರೆಂಟು ಇಲ್ಲದ ಹೊತ್ತಿನಲ್ಲೂ.